ಮಗಳ ಮಾತು ಮುಗಿಯುವವರೆಗೆ

ದೋರನಹಳ್ಳಿಯ ಯಂಕಣ್ಣ ಚುರುಕಿಗೆ ಹೆಸರಾದವನು. ಕಾಲುವೆ ಅಗೆಯುವ ಕಾಲದಲ್ಲಿ ಮಣ್ಣಿನ ಬುಟ್ಟಿ ಹೊರಲು ಹೋದಾಗ ಅವನಿಗಿನ್ನೂ ಮೀಸೆ ಚಿಗುರಿರಲಿಲ್ಲ. ನಿಧಾನ ಮಾಡುವವರನ್ನು ಮೇಸ್ತ್ರಿ ಮಾರನೆಯ ದಿನ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಹಾಗಾಗಿ ಯಂಕಣ್ಣ ನಡೆಯುವುದನ್ನೇ ಮರೆತು ಓಡುವುದನ್ನು ಕಲಿತ. ಉಣ್ಣುವುದೂ ಓಟ, ಮಾತೂ ಓಟ. ಕಾಲುವೆಗೆ ನೀರು ಬಂದ ಮೇಲೆ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನವರು ಅವನನ್ನು ತೂಬು ಕಾಯುವ ಕೆಲಸಕ್ಕೆ ಹಾಕಿಕೊಂಡದ್ದೂ ಆ ಓಟ ನೋಡಿಯೇ. ಗೇಟು ಎತ್ತುವುದು, ಇಳಿಸುವುದು, ಹೂಳು ತೆಗೆಸುವುದು, ಒಡೆದಲ್ಲಿ ಮಣ್ಣು ಮುಚ್ಚುವುದು ಅವನ ಪಾಲಿಗೆ ಬಂತು. ‘ಯಂಕಣ್ಣಗ ಹೇಳಿದ್ರ ಆತು, ನಾವು ಮನಿ ಮುಟ್ಟೋದ್ರಾಗ ನೀರು ಹೊಲ ಮುಟ್ಟಿರತೈತಿ’ ಎಂದು ರೈತರು ಹೇಳಿದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಹೆಂಡತಿ ಅಮೃತಮ್ಮ ಕಕ್ಕೇರಾ ಕಡೆಯವಳು, ಹೆಚ್ಚು ಮಾತಾಡದವಳು. ಮೊದಲು ಹುಟ್ಟಿದ ಮಗಳಿಗೆ ಯಂಕಣ್ಣ ತನ್ನ ತಾಯಿಯ ಹೆಸರಿಟ್ಟ, ಗೊಲ್ಲಾಳಮ್ಮ. ಮಗು ನಡೆದದ್ದು ಬೇಗ, ಮಾತು ಬಂದದ್ದು ತಡ. ಬಂದ ಮೇಲೂ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ‘ಅಪ್ಪ’ ಅನ್ನಬೇಕಾದರೆ ಆ ‘ಅ’ ಅವಳ ಗಂಟಲಲ್ಲಿ ಎಡವಿ ಎಡವಿ ಬರುತ್ತಿತ್ತು; ಕಣ್ಣು ಬಿಗಿಯಾಗಿ ಮುಚ್ಚಿ, ಕತ್ತಿನ ನರ ಉಬ್ಬಿಸಿ, ಕೊನೆಗೆ ಮಾತು ಹೊರಗೆ ಬೀಳುತ್ತಿತ್ತು. ಯಂಕಣ್ಣ ಅಷ್ಟು ಹೊತ್ತು ಕಾಯುವ ಮನುಷ್ಯನಲ್ಲ. ಅವಳು ಶುರು ಮಾಡಿದ್ದನ್ನು ತಾನೇ ಮುಗಿಸಿಬಿಡುತ್ತಿದ್ದ.

ಒಂದು ಸಂಜೆ ಊಟಕ್ಕೆ ಕೂತಾಗ ಅವಳು ‘ಮ... ಮ... ಮ...’ ಎಂದಳು.

‘ಮಜ್ಜಿಗಿ ಏನು? ತಗೋ.’

ಅವಳು ತಲೆ ಅಲ್ಲಾಡಿಸಿ ಮತ್ತೆ ‘ಮ... ಮ...’ ಎಂದಳು.

‘ಮೆಣಸಿನಕಾಯೇನು? ಜಲ್ದಿ ಹೇಳು! ತಗೋ, ಇದನ್ನ ಹಚಗೊಂಡು ತಿನ್ನು.’

ಹುಡುಗಿ ಅವನು ಕೊಟ್ಟದ್ದನ್ನು ರೊಟ್ಟಿಗೆ ಹಚ್ಚಿಕೊಂಡು, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ತಿಂದಳು. ಅಮೃತಮ್ಮ ಒಲೆಯ ಮುಂದಿನಿಂದ ಹೇಳಿದಳು: ‘ಆಕಿ ಕೇಳಿದ್ದು ಮೊಸರು. ನೀವು ಕೊಟ್ಟಿದ್ದು ತಿನ್ನಾಕತ್ಯಾಳ.’

‘ಹಂಗಾದ್ರ ಬಾಯಿ ಬಿಟ್ಟು ಹೇಳಬೇಕಿಲ್ಲ? ಹಟ ಆಕಿದು, ಮತ್ತೇನಲ್ಲ.’

ಹಟ ಎಂದೇ ಅವನು ನಿಜವಾಗಿ ನಂಬಿದ್ದ. ಓಣಿಯ ಮಕ್ಕಳು ಅವಳಂತೆ ಮಾತಾಡಿ ತೋರಿಸಿ ನಗುವಾಗ ಅವನಿಗೆ ಸಿಟ್ಟು ಬರುತ್ತಿದ್ದದ್ದು ಆ ಮಕ್ಕಳ ಮೇಲಲ್ಲ, ಮಗಳ ಮೇಲೆ. ‘ಸರಿಯಾಗಿ ಹೇಳು’ ಎಂದು ಒಂದೆರಡು ಸಲ ಹೊಡೆದೂ ಇದ್ದ. ಆಮೇಲೆ ಅವಳು ಅವನ ಮುಂದೆ ಬೆರಳಲ್ಲೇ ತೋರಿಸಿ ಕೆಲಸ ಮುಗಿಸಿಕೊಳ್ಳತೊಡಗಿದಳು. ಮನೆಯಲ್ಲಿ ಗಲಾಟೆ ಕಡಿಮೆಯಾಯಿತೆಂದು ಯಂಕಣ್ಣ ಸಮಾಧಾನಪಟ್ಟುಕೊಂಡ.

ಗೊಲ್ಲಾಳಮ್ಮನಿಗೆ ಆರು ತುಂಬಿದ ವರ್ಷ, ತಮ್ಮ ಹುಲಗಪ್ಪ ಇನ್ನೂ ತಪ್ಪು ಹೆಜ್ಜೆ ಇಡುವ ಕೂಸು. ಅದು ಬತ್ತದ ನಾಟಿಯ ಕಾಲ. ಅಮೃತಮ್ಮ ಬೇರೆಯವರ ಗದ್ದೆಗೆ ನಾಟಿ ಹಚ್ಚಲು ಹೋಗಿದ್ದಳು. ರಜೆಯಿದ್ದ ಯಂಕಣ್ಣ ಮಕ್ಕಳಿಬ್ಬರನ್ನೂ ಕರೆದುಕೊಂಡು ತನ್ನ ಸಣ್ಣ ಹೊಲಕ್ಕೆ ಬಂದ. ಬೇವಿನ ಮರದ ಕೆಳಗೆ ಚಾದರ ಹಾಸಿ, ‘ತಮ್ಮನ್ನ ನೋಡಕೋ, ಎಲ್ಲಿಗೂ ಬಿಡಬ್ಯಾಡ’ ಎಂದು ಹೇಳಿ ಗದ್ದೆಗಿಳಿದ. ಮರದ ಆಚೆ, ಜಾಲಿ ಗಿಡಗಳ ಹಿಂದೆ, ಹೊಲಗಾಲುವೆ ತುಂಬಿ ಹರಿಯುತ್ತಿತ್ತು.

ಹೊತ್ತು ಏರುತ್ತಿದ್ದಾಗ ಗದ್ದೆಯ ಒಡ್ಡು ಕುಸಿಯಿತು. ನೀರು ಪಕ್ಕದವರ ಮೆಣಸಿನ ಗಿಡಕ್ಕೆ ನುಗ್ಗತೊಡಗಿತು. ಯಂಕಣ್ಣ ಮೊಣಕಾಲೂರಿ ಎರಡೂ ಕೈಯಿಂದ ಎರೆಮಣ್ಣು ಬಾಚಿ ಬಾಚಿ ಒಡಕಿಗೆ ತುಂಬುತ್ತಿದ್ದ. ತುಂಬಿದಷ್ಟೂ ಕೊಚ್ಚಿಹೋಗುತ್ತಿತ್ತು. ಆಗ ಮಗಳು ಓಡಿ ಬಂದಳು.

‘ತ... ತ... ತ...’

‘ಏನು?’

‘ತ... ತ...’

‘ತಂಬಿಗಿ ಏನು? ನೀರಡಿಕಿ ಆಗೈತೇನು? ಅಲ್ಲೇ ಗಿಡದ ಬುಡಕ ಐತಿ, ಹೋಗಿ ಕುಡಿ.’

ಅವಳು ಜೋರಾಗಿ ತಲೆ ಅಲ್ಲಾಡಿಸಿ ಅವನ ಅಂಗಿ ಹಿಡಿದು ಎಳೆದಳು. ಮುಖವೆಲ್ಲ ಬಿಗಿದುಕೊಂಡಿತ್ತು. ಅವಳು ಎಳೆದ ಹೊತ್ತಿಗೇ ಅವನು ಕೂಡಿಸಿದ್ದ ಮಣ್ಣು ಮತ್ತೆ ಜಾರಿತು. ಯಂಕಣ್ಣನ ತಲೆ ಕೆಟ್ಟಿತು. ಕೆಸರುಗೈಯಿಂದಲೇ ಅವಳ ಭುಜಕ್ಕೆ ಕೈ ಹಚ್ಚಿ ದಬ್ಬಿದ.

‘ಹೋಗಾಚಿಗಿ! ಮಾತು ಬಂದ ಮ್ಯಾಲ ಬಾ!’

ಅವಳು ಕೂತಂತೆ ಬಿದ್ದು ಎದ್ದಳು. ಒಂದು ಕ್ಷಣ ಅವನನ್ನೇ ನೋಡಿ ತಿರುಗಿ ಓಡಿದಳು. ಹೋದಳಲ್ಲ ಎಂದು ಯಂಕಣ್ಣನಿಗೆ ಹಗುರೆನಿಸಿತು. ಹಾಗೆನಿಸಿದ್ದಕ್ಕೆ ಅವನು ಮುಂದೆ ಎಂದೂ ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ. ದಬ್ಬಿದ್ದು ಸಿಟ್ಟಿನಲ್ಲಾಯಿತು ಎನ್ನಬಹುದು. ಆ ಹಗುರಕ್ಕೆ ಏನೂ ಹೇಳಲಿಕ್ಕಿರಲಿಲ್ಲ.

ಒಡಕು ಇನ್ನೇನು ಮುಚ್ಚಿತು ಅನ್ನುವಾಗ ಕಾಲುವೆಯ ಕಡೆಯಿಂದ ರೇಣಮ್ಮ ಕೂಗಿಕೊಂಡಳು. ಅವಳು ಪಕ್ಕದ ಹೊಲದವಳು, ಮೇವಿಗೆಂದು ದಂಡೆಯ ಮೇಲೆ ಬಂದಿದ್ದಳು. ಯಂಕಣ್ಣ ಜಾಲಿಯ ಮುಳ್ಳಿನಲ್ಲೇ ಹಾಯ್ದು ಓಡಿದ. ಅವನು ಮುಟ್ಟುವ ಹೊತ್ತಿಗೆ ರೇಣಮ್ಮ ಸೀರೆಯ ಸಮೇತ ನೀರಿನಲ್ಲಿದ್ದಳು. ಎದೆಮಟ್ಟದ ನೀರಿನಲ್ಲಿ ಗೊಲ್ಲಾಳಮ್ಮ ದಂಡೆಗೆ ಬೆನ್ನು ಒತ್ತಿ ನಿಂತಿದ್ದಳು. ಎರಡೂ ಮುಷ್ಟಿಯಲ್ಲಿ ತಮ್ಮನ ಅಂಗಿಯ ಕೊರಳಪಟ್ಟಿ. ಕೂಸಿನ ಮುಖವೊಂದೇ ನೀರಿನ ಮೇಲಿತ್ತು. ಅವಳ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ರೇಣಮ್ಮ ಕೂಸನ್ನು ಎತ್ತಿಕೊಂಡ ಮೇಲೂ ಹುಡುಗಿಯ ಮುಷ್ಟಿ ಬಿಡಿಸಬೇಕಾಯಿತು.

ಕೂಸು ನೀರು ಕಾರಿತು, ಅತ್ತಿತು. ದಾರಿಯಲ್ಲಿ ಹೊರಟಿದ್ದ ಟ್ರ್ಯಾಕ್ಟರಿನಲ್ಲಿ ಶಹಾಪುರದ ದವಾಖಾನೆಗೆ ಒಯ್ದರು. ಎದೆಯಲ್ಲಿ ಕಫ ಕಟ್ಟಿ ಕೆಲವು ದಿನ ಜ್ವರ ಕಾಡಿತು, ಆಮೇಲೆ ಇಳಿಯಿತು. ಹುಲಗಪ್ಪ ಬದುಕಿದ.

ನೋಡಲು ಬಂದ ಊರವರೆಲ್ಲ ಹುಡುಗಿಯನ್ನು ಹೊಗಳುವರು, ಹೊಗಳಿದ ಮೇಲೆ ಒಂದು ಮಾತು ಕೇಳುವರು: ‘ಅಪ್ಪ ಅಲ್ಲೇ ಇದ್ದನಲ್ಲವ್ವಾ, ಯಾಕ ಕರೀಲಿಲ್ಲ?’ ಗೊಲ್ಲಾಳಮ್ಮ ಅಪ್ಪನ ಕಡೆ ನೋಡುವಳು. ಯಂಕಣ್ಣ ಗೋಡೆಯ ಕಡೆ ನೋಡುವನು. ಯಾರೋ ಅವನನ್ನೇ ಕೇಳಿದಾಗ, ‘ನಾ ಒಡ್ಡು ಕಟ್ಟಾಕತ್ತಿದ್ದೆ, ನನಗ ಗೊತ್ತೇ ಆಗಲಿಲ್ರಿ’ ಎಂದುಬಿಟ್ಟ. ಹೇಳಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಮಗಳು ತನ್ನನ್ನು ಸುಳ್ಳುಗಾರನೆಂದು ತೋರಿಸಿಕೊಡಲಾರಳು, ಅಷ್ಟು ಉದ್ದದ ಮಾತು ಅವಳಿಂದ ಆಗದು ಎಂಬುದೂ ಅವನ ಮನಸ್ಸಿನ ಮೂಲೆಯಲ್ಲಿತ್ತು. ಅದು ಅಲ್ಲಿದೆಯೆಂದು ಅವನಿಗೆ ಗೊತ್ತಿತ್ತು.

ಕೂಸಿಗೆ ಔಷಧಿ ಕುಡಿಸುತ್ತಿದ್ದ ಒಂದು ಮುಂಜಾನೆ ಅಮೃತಮ್ಮನೂ ಅದೇ ಕೇಳಿದಳು. ದಣಿದಿದ್ದಳು, ಅಳು ಮತ್ತು ಸಿಟ್ಟು ಒಟ್ಟಿಗೇ ಬಂದಿದ್ದವು.

‘ಮಾತು ಬರಲಿಲ್ಲಂದ್ರ ಹೋಗ್ಲಿ, ಓಡಿ ಹೋಗಿ ಅಪ್ಪನ್ನ ಕರಕೊಂಡು ಬರಬಾರದಾಗಿತ್ತೇನ? ಅಷ್ಟು ತಿಳಿಯಂಗಿಲ್ಲೇನು ನಿನಗ?’

ಹುಡುಗಿ ತಲೆ ತಗ್ಗಿಸಿದಳು. ತಪ್ಪು ತನ್ನದೇ ಎಂಬಂತೆ ತಗ್ಗಿಸಿದಳು. ಅದನ್ನು ಯಂಕಣ್ಣನಿಗೆ ನೋಡಲಾಗಲಿಲ್ಲ.

‘ಬಂದಿದ್ಲು’ ಎಂದ.

‘ಏನು?’

‘ಆಕಿ ಬಂದಿದ್ಲು, ಅಮೃತಾ. ನನ್ನ ಅಂಗಿ ಹಿಡಿದು ಎಳದ್ಲು. ನಾನೇ ದಬ್ಬಿ ಕಳಿಸೀನಿ.’

ಅಮೃತಮ್ಮನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಅವಳು ಕೂಗಾಡುತ್ತಾಳೆ, ತವರಿಗೆ ಹೊರಡುತ್ತಾಳೆ ಎಂದೆಲ್ಲ ಅವನು ಎಣಿಸಿದ್ದ. ಅವಳು ಕೂಸಿನ ಬಾಯಿ ಒರೆಸಿ, ಮಗಳನ್ನು ಹತ್ತಿರ ಎಳೆದು ತಲೆ ನೇವರಿಸಿದಳು. ಅವನ ಕಡೆ ನೋಡದೆ ಹೇಳಿದಳು: ‘ನನಗ್ಯಾಕ ಹೇಳ್ತೀರಿ? ಆಕಿಗಿ ಹೇಳ್ರಿ.’

ಯಂಕಣ್ಣ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ‘ತಪ್ಪಾತವ್ವಾ’ ಎಂದ. ಊರವರ ಮುಂದೆಯೂ ಇದ್ದದ್ದನ್ನು ಹೇಳಿದ. ಕೆಲವರು ಬೈದರು, ಕೆಲವರು ‘ಹೋಗ್ಲಿ ಬಿಡು’ ಎಂದರು. ಆದರೆ ಅಂದಿನಿಂದ ಗೊಲ್ಲಾಳಮ್ಮ ಅವನೊಡನೆ ಮಾತಾಡುವುದನ್ನೇ ಬಿಟ್ಟಳು. ತಾಯಿಯ ಹತ್ತಿರ ತಡವರಿಸುತ್ತ ಮಾತಾಡುವಳು. ತಮ್ಮನನ್ನು ಆಡಿಸುವಾಗಲಂತೂ ಸರಾಗವಾಗಿ ಮಾತು ಬರುತ್ತಿತ್ತು. ಅಪ್ಪ ಒಳಗೆ ಬಂದರೆ ಬಾಯಿ ಮುಚ್ಚುವಳು. ಅವನು ತಂದ ಚುರುಮುರಿ, ರಿಬ್ಬನ್ನು ತೆಗೆದುಕೊಳ್ಳುವಳು, ಹೋಗುವಳು.

‘ಹೇಳವ್ವಾ, ನಾ ಕೇಳ್ತೀನಿ. ಏನರ ಹೇಳು. ಹೇಳಬಾರದೇನು?’ ಎಂದು ಅವನು ದಿನವೂ ಬೆನ್ನು ಹತ್ತುತ್ತಿದ್ದ. ಶಾಲೆಯ ಟೀಚರು ರತ್ನಾಬಾಯಿ, ಸುರಪುರದವರು, ಒಂದು ದಿನ ಮಗಳನ್ನು ಬಿಡಲು ಬಂದವನನ್ನು ನಿಲ್ಲಿಸಿದರು.

‘ಯಂಕಣ್ಣ, ನೀವು ಈಗೂ ಜಲ್ದಿನೇ ಮಾಡಾಕತ್ತೀರಿ ನೋಡ್ರಿ.’

‘ನಾ ಏನ್ ಮಾಡ್ಲಿರಿ ಟೀಚರ? ಬೈಯೋದು ಬಿಟ್ಟೀನಿ, ಹೊಡಿಯೋದು ಬಿಟ್ಟೀನಿ.’

‘ಹೇಳು ಹೇಳು ಅನ್ನೋದನ್ನೂ ಬಿಡ್ರಿ. ಆಕಿ ಮಗ್ಗಲಾಗ ಸುಮ್ಕ ಕುಂದರಾಕ ಬರತೈತೇನು ನಿಮಗ?’

ಬರುತ್ತಿರಲಿಲ್ಲ. ಸುಮ್ಮನೆ ಕೂತರೆ ಅವನ ಕಾಲು ತಾನಾಗಿ ಅಲ್ಲಾಡುತ್ತಿತ್ತು, ಕೈ ಏನಾದರೂ ಹುಡುಕುತ್ತಿತ್ತು. ಆದರೂ ಸಂಜೆ ಕಟ್ಟೆಯ ಮೇಲೆ ಅವಳಿಂದ ಒಂದಷ್ಟು ದೂರದಲ್ಲಿ ಕೂರತೊಡಗಿದ. ಅವಳು ಶೇಂಗಾ ಸುಲಿದರೆ ಅವನೂ ಸುಲಿಯುತ್ತಿದ್ದ. ತನ್ನ ಮಾತನ್ನೂ ನಿಧಾನ ಮಾಡಿಕೊಂಡ. ಮೊದಮೊದಲು ಓಣಿಯವರು ‘ಮೈಯಾಗ ಅರಾಮಿಲ್ಲೇನು?’ ಎಂದು ಕೇಳಿದರು.

ಬುದ್ಧಿ ಒಂದೇ ಸಲಕ್ಕೆ ಬರಲಿಲ್ಲ. ಒಂದು ಮುಂಜಾನೆ ಕೆಲಸಕ್ಕೆ ತಡವಾಗಿತ್ತು. ಹುಲಗಪ್ಪ ಚಪ್ಪಲಿಯನ್ನು ತಾನೇ ಹಾಕಿಕೊಳ್ಳುತ್ತೇನೆಂದು ಎಡದ್ದನ್ನು ಬಲಕ್ಕೆ ತುರುಕುತ್ತ ಕೂತಿದ್ದ. ಯಂಕಣ್ಣ ಚಪ್ಪಲಿ ಕಿತ್ತುಕೊಂಡು ಕೂಸಿನ ರಟ್ಟೆ ಹಿಡಿದು ಎಳೆದೇಬಿಟ್ಟ. ಕೂಸು ಕಿರುಚಿತು. ಅಂಗಳದ ಆಚೆಯಿಂದ ಗೊಲ್ಲಾಳಮ್ಮ ಬಂದಳು. ಅವನ ಕೈಯಿಂದ ತಮ್ಮನನ್ನು ಬಿಡಿಸಿಕೊಂಡು, ತನ್ನ ಮೈಯನ್ನು ನಡುವೆ ಅಡ್ಡ ಇಟ್ಟು ಕರೆದೊಯ್ದಳು. ಹಾಯುವ ದನದಿಂದ ಮಗುವನ್ನು ದೂರ ಒಯ್ಯುವ ಹಾಗೆ. ಆ ದಿನ ಯಂಕಣ್ಣ ಕಾಲುವೆಯ ದಂಡೆಯ ಮೇಲೆ ಕೂತು ಅತ್ತ. ಇನ್ನೆಂದೂ ಹೀಗೆ ಮಾಡುವುದಿಲ್ಲ ಎಂದು ಆಣೆ ಹಾಕಲು ಹೋದ, ಹಾಕಲು ನಾಚಿಕೆಯಾಯಿತು. ಇವತ್ತೊಂದು ದಿನ ನೋಡೋಣ ಎಂದುಕೊಂಡು ಎದ್ದ. ಮಾರನೆಯ ದಿನವೂ ಹಾಗೇ ಅಂದುಕೊಂಡ.

ಬೇಸಿಗೆ ಕಳೆದು ಕಾಲುವೆಗೆ ಮತ್ತೆ ನೀರು ಬಿಟ್ಟಿದ್ದರು. ಯಂಕಣ್ಣನಿಗೆ ಬುತ್ತಿ ಕೊಡಲು ಅಮೃತಮ್ಮ ಮಗಳನ್ನು ಕಳಿಸಿದ್ದಳು. ತೂಬಿನ ಹತ್ತಿರ ಜಲಾಲುದ್ದೀನ ಎಂಬ ರೈತ ಸೈಕಲ್ ಹಿಡಿದು ನಿಂತಿದ್ದ, ಅವನ ಹೊಲಕ್ಕೆ ನೀರಿನ ಪಾಳಿ. ಯಂಕಣ್ಣ ಗೇಟಿಗೆ ಕೈ ಹಾಕಿದ್ದ. ಬುತ್ತಿ ಇಟ್ಟ ಗೊಲ್ಲಾಳಮ್ಮ ಹೋಗಲಿಲ್ಲ.

‘ಆ... ಆ...’

ಯಂಕಣ್ಣ ಗೇಟು ಬಿಟ್ಟು ತಿರುಗಿದ. ಅವಳ ಕಣ್ಣು ಮುಚ್ಚಿತ್ತು, ಗದ್ದ ನಡುಗುತ್ತಿತ್ತು. ‘ಆ... ಆ...’

‘ಯಂಕಣ್ಣ, ಗೇಟ್ ಎತ್ತೋ ಮಾರಾಯ, ಹೊತ್ತಾತು’ ಎಂದ ಜಲಾಲುದ್ದೀನ.

ಯಂಕಣ್ಣ ಅವನ ಕಡೆ ಒಂದು ಕೈ ಎತ್ತಿ ತಡೆದ. ಮಗಳ ಬಾಯಿಗೆ ತನ್ನ ಮಾತು ಹಾಕಲಿಲ್ಲ. ನಾಲಗೆಯ ತುದಿಗೆ ಹತ್ತು ಮಾತು ಬಂದವು, ಹಲ್ಲು ಕಚ್ಚಿ ನುಂಗಿದ. ಜಲಾಲುದ್ದೀನನೂ ಸೈಕಲ್ಲಿನ ಸ್ಟ್ಯಾಂಡ್ ಹಾಕಿ ನಿಂತ.

‘ಆ... ಆವತ್ತು... ನಾ ಬಂ... ಬಂದಿದ್ದೆ. ನಿ... ನಿನಗ ಕೇಳಿಸಲಿಲ್ಲೇನು ಅಪ್ಪಾ?’

ಕೇಳಿಸಲಿಲ್ಲ ಎಂದರೆ ಅವಳಿಗೆ ಸಮಾಧಾನವಾಗಬಹುದಿತ್ತು. ಅವಳು ಅದನ್ನೇ ಬಯಸುತ್ತಿದ್ದಾಳೆ ಎಂದು ಅವನಿಗೆ ಅನಿಸಿತು.

‘ಕೇಳಿಸ್ತವ್ವಾ’ ಎಂದ. ‘ಕೇಳಿಸಿತ್ತು. ನಾ ನಿಲ್ಲಲಿಲ್ಲ.’

ಅವಳು ಅದನ್ನು ಯೋಚಿಸುತ್ತ ನಿಂತಳು. ಅಳಲಿಲ್ಲ, ಹತ್ತಿರವೂ ಬರಲಿಲ್ಲ. ‘ಬು... ಬುತ್ಯಾಗ ಪಲ್ಯ ಐತಿ’ ಎಂದು ಹೇಳಿ ಮನೆಯ ದಾರಿ ಹಿಡಿದಳು. ಅವಳು ದಂಡೆ ಇಳಿಯುವವರೆಗೆ ನೋಡಿ ಯಂಕಣ್ಣ ಗೇಟು ಎತ್ತಿದ.

ಅಲ್ಲಿಂದ ಅವಳು ಅವನೊಡನೆ ಒಂದೊಂದೇ ಮಾತಾಡತೊಡಗಿದಳು. ಬೆಳೆದಂತೆ ತೊದಲು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹತ್ತನೆಯವರೆಗೆ ಓದಿದಳು, ಕಕ್ಕೇರಾದ ಅಮರಪ್ಪನೆಂಬವನೊಡನೆ ಮದುವೆಯಾದಳು. ಹುಲಗಪ್ಪ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವನಿಗೆ ಕಾಲುವೆಯ ಯಾವ ನೆನಪೂ ಇಲ್ಲ. ಯಂಕಣ್ಣನಿಗೆ ತಾಳ್ಮೆಯ ಮನುಷ್ಯನೆಂಬ ಹೆಸರು ಬಂದಿದೆ. ಅಳುವ ಮಕ್ಕಳನ್ನು ಓಣಿಯವರು ಅವನ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ‘ಹುಟ್ಟಾ ಬಂದ ಗುಣ ನೋಡ್ರಿ ಅದು’ ಎಂದು ಯಾರಾದರೂ ಹೊಗಳಿದರೆ ಅವನು ಎದ್ದು ಒಳಗೆ ಹೋಗಿಬಿಡುತ್ತಾನೆ.

ಹೋದ ವರ್ಷ ಮೊಮ್ಮಗಳ ಜವಳಕ್ಕೆಂದು ಕಕ್ಕೇರಾಕ್ಕೆ ಹೋಗಿದ್ದ. ಬಂದವರೆಲ್ಲ ಹೊರಟ ಮೇಲೆ ಮಗಳು ಅಡುಗೆಮನೆಯಲ್ಲಿ ಪಾತ್ರೆ ಒರೆಸಿ ಇಡುತ್ತಿದ್ದಳು. ಇಷ್ಟು ವರ್ಷ ಕೇಳದ್ದನ್ನು ಅವನು ಕೇಳಿದ.

‘ಯವ್ವಾ, ಆ ಕೆನಾಲಿಂದು... ಮರತಿಯೇನು?’

ಅವಳು ಕೈಯಲ್ಲಿದ್ದ ಪಾತ್ರೆ ಇಟ್ಟಳು. ಮಾತು ಬರಲು ಹೊತ್ತು ಹಿಡಿಯಿತು. ತೊದಲಿಗೋ, ಯೋಚನೆಗೋ ಅವನಿಗೆ ತಿಳಿಯಲಿಲ್ಲ.

‘ಇ... ಇಲ್ಲಪ್ಪ. ಮರತಿಲ್ಲ.’

ಯಂಕಣ್ಣ ತಲೆಯಾಡಿಸಿದ. ಮೂಲೆಯಲ್ಲಿದ್ದ ಕೈಚೀಲ ತೆಗೆದುಕೊಂಡು, ಶಹಾಪುರದ ಬಸ್ಸಿಗೆ ಹೊತ್ತಾಯಿತು ಎಂದ.

‘ನಾಳಿ ಹೋಗಿಯಂತ’ ಎಂದು ಮಗಳು ಚೀಲವನ್ನು ಅವನ ಕೈಯಿಂದ ತೆಗೆದು ಗೂಟಕ್ಕೆ ಹಾಕಿದಳು. ‘ಇವತ್ತ ಇ... ಇಲ್ಲೇ ಇರು.’

ಅವನು ಉಳಿದ.