ಬಾವಿಗೆ ಇಳಿಯಗೊಡದ ಆಯಿ

ಹೋದ ತಿಂಗಳು ಬೀದರಿನಲ್ಲಿ ನಮ್ಮಂಥ ಅಂಗನವಾಡಿ ಕಾರ್ಯಕರ್ತೆಯರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಇತ್ತು. ನೆಲದ ಮೇಲೆ ರಬ್ಬರಿನ ಬೊಂಬೆಯೊಂದನ್ನು ಮಲಗಿಸಿದ್ದರು. ಸೊಂಟದಿಂದ ಕೆಳಗೆ ಏನೂ ಇಲ್ಲದ, ಬಾಯಿ ಅರೆತೆರೆದ ಗಂಡಸಿನ ಬೊಂಬೆ. ಉಸಿರು ನಿಂತವನ ಎದೆ ಹೇಗೆ ಒತ್ತಬೇಕು, ರಕ್ತ ಹರಿಯುವ ಗಾಯವನ್ನು ಹೇಗೆ ಅದುಮಿ ಹಿಡಿಯಬೇಕು, ಹಾವು ಕಚ್ಚಿದವರನ್ನು ನಡೆಸದೆ ಹೇಗೆ ದವಾಖಾನೆಗೆ ಸಾಗಿಸಬೇಕು ಎಂಬುದೆಲ್ಲ ಆಮೇಲೆ. ಅದಕ್ಕೂ ಮುಂಚೆ, ಕಲಿಸಲು ಬಂದ ಹುಡುಗಿ ಒಂದು ಮಾತು ಹೇಳಿದಳು. ಬಿದ್ದವರ ಹತ್ತಿರ ಓಡುವ ಮೊದಲು ಆ ಜಾಗ ನೋಡಿ, ಅವರನ್ನು ಬೀಳಿಸಿದ್ದು ನಿಮ್ಮನ್ನೂ ಬೀಳಿಸೀತು ಎಂದಳು. ಸುತ್ತಲಿನವರು ಬರೆದುಕೊಂಡರು. ನಾನು ಬೊಂಬೆಯ ಬಾಯನ್ನೇ ನೋಡುತ್ತ ಕುಳಿತೆ. ನಮ್ಮ ಭಾವನ ಬಾಯಿಯೂ ಹಾಗೇ ತೆರೆದುಕೊಂಡಿತ್ತು. ಆಯಿ ನೆನಪಾದಳು...

ಖಟಕ ಚಿಂಚೋಳಿಯ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ಆಯಿ ನಮ್ಮ ಪಕ್ಕದ ಮನೆಯವಳು. ಔರಾದ ಕಡೆ ಮದುವೆಯಾಗಿ ಹೋಗಿದ್ದವಳು, ಗಂಡನೂ ಮಗನೂ ಇಲ್ಲದೆ ತವರಿಗೆ ಮರಳಿದ್ದಳು. ಬಾಯಿ ಜೋರು. ನಾನು ಬಡಿದ ರೊಟ್ಟಿ ನೋಡಿ, ಇದರಾಗ ಮಹಾರಾಷ್ಟ್ರದ ನಕಾಶಾ ಕಾಣಸ್ತದ ಎಂದು ನಗುತ್ತಿದ್ದಳು. ನಕ್ಕು, ತಾನೇ ಹಿಟ್ಟಿನ ಪರಾತದ ಮುಂದೆ ಕುಳಿತು ಬಡಿದು ತೋರಿಸುತ್ತಿದ್ದಳು. ಒಂದೇ ಒಂದು ಕೆಲಸ ಆಕೆಯಿಂದ ಆಗುತ್ತಿರಲಿಲ್ಲ, ಬಾವಿಯಿಂದ ನೀರು ತರುವುದು. ಅವಳ ಕೊಡ ನಾವು ತುಂಬಿ ಕೊಡುತ್ತಿದ್ದೆವು, ನಮ್ಮ ಜೋಳ ಅವಳು ಹಸನು ಮಾಡುತ್ತಿದ್ದಳು. ಯಾಕೆ ಎಂದು ನಾನು ಕೇಳಿರಲಿಲ್ಲ.

ಆ ವರ್ಷವೂ ಮಳೆ ಕೈಕೊಟ್ಟಿತ್ತು. ದುಡಿಯುವ ಗಂಡಸರೆಲ್ಲ ಹೈದರಾಬಾದು, ಪುಣೆ ಎಂದು ಹೋಗಿ ಊರಲ್ಲಿ ಮುದುಕರು, ಹೆಂಗಸರು, ಕುರಿಗಳು ಉಳಿದಿದ್ದವು. ನಮ್ಮ ಮನೆಯ ಅಣ್ಣತಮ್ಮಂದಿರು, ಭಾವ ಮತ್ತು ನನ್ನ ಗಂಡ, ಮಾತ್ರ ಹೋಗಿರಲಿಲ್ಲ. ಹೊಲದ ಬಾವಿಯ ತಳದಲ್ಲಿ ಕುರಿಗಾಗುವಷ್ಟು ನೀರಿತ್ತು. ಅಷ್ಟು ಆಳದಿಂದ ಮೇಲಿನ ಇಂಜಿನ್ನು ನೀರು ಎಳೆಯುವುದಿಲ್ಲವೆಂದು ಡೀಸೆಲ್ ಇಂಜಿನ್ನನ್ನೇ ಬಾವಿಯೊಳಗೆ ಇಳಿಸಿದ್ದರು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಅದರ ಹೊಗೆ ಎಲ್ಲಿಗೆ ಹೋಗಬೇಕು ಎಂದು ಯಾರೂ ಯೋಚಿಸಿರಲಿಲ್ಲ. ಒಂದು ಮುಂಜಾನೆ ಇಂಜಿನ್ನು ತಾನಾಗಿ ನಿಂತಿತು. ಏನಾಯಿತು ನೋಡಲು ಭಾವ ಇಳಿದರು. ಮೇಲೆ ಬರಲಿಲ್ಲ. ಬಗ್ಗಿ ನೋಡಿದರೆ ಇಂಜಿನ್ನಿನ ಪಕ್ಕದಲ್ಲಿ ಅಂಗಾತ ಬಿದ್ದಿದ್ದರು. ಕೂಗಿದರೆ ಓಗೊಡಲಿಲ್ಲ.

ಅಕ್ಕ, ಎಂದರೆ ಭಾವನ ಹೆಂಡತಿ, ಕಿರುಚಿದಳು. ನಮ್ಮ ಮನೆಯವರು ಧೋತರ ಮೇಲೆ ಕಟ್ಟಿ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಆಗ, ಬಾವಿಯ ಹತ್ತಿರವೇ ಸುಳಿಯದ ಆಯಿ, ಎಲ್ಲಿಂದ ಓಡಿ ಬಂದಳೋ, ಹಿಂದಿನಿಂದ ಅವರ ಸೊಂಟ ತಬ್ಬಿ ಹಿಡಿದು ನೆಲಕ್ಕೆ ಕೆಡವಿದಳು.

"ಅಲ್ಲಿ ಗಾಳಿ ಸತ್ತದಪಾ. ನನ್ನ ಗಂಡ ಹಿಂಗೇ ಬಿದ್ದ, ತಗ್ಯಾಕ ನನ್ನ ಮಗ ಇಳದ. ಇಬ್ಬರೂ ಹೋದ್ರು. ನೀ ಹೊಡಿ, ಬೈ, ನಾ ಬಿಡಾಂಗಿಲ್ಲ."

ಇವರು ಹೊಡೆದರು. ಅವಳ ಮುಂಗೈ ಕಚ್ಚಿದರು. ಮೊಣಕೈ ತಗುಲಿ ಅವಳ ತುಟಿ ಒಡೆಯಿತು. ಅವಳು ಬಿಡಲಿಲ್ಲ. ಹಿಡಿದುಕೊಂಡೇ, ಬೇವಿನ ಟೊಂಗೆ ಹಗ್ಗಕ್ಕೆ ಕಟ್ಟಿ ಇಳಿಸಿ ಎತ್ತಿರಿ, ಗಾಳಿ ಆಡಲಿ ಎಂದು ಉಳಿದವರಿಗೆ ಹೇಳುತ್ತಿದ್ದಳು. ಹೆಂಗಸರು, ಮುದುಕರು ಹಾಗೇ ಮಾಡಿದರು. ಕೊಡ ತೆಗೆಯುವ ಪಾತಾಳಗರಡಿ ಬಿಟ್ಟರೆ ಭಾವನ ಅಂಗಿ ಸಿಕ್ಕಿ ಹರಿಯಿತು. ಕಡೆಗೆ ಪಕ್ಕದ ಊರಿನಿಂದ ಗಂಡಸರು ಬಂದರು. ಒಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿ ಭಾವನನ್ನು ಮೇಲೆತ್ತಿದರು. ಯಾರೋ ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ಯಾರೋ ಅಂಗಾಲು ತಿಕ್ಕಿದರು. ಎದೆ ಒತ್ತಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ... ಭಾಲ್ಕಿಯ ಡಾಕ್ಟರು ಮುಟ್ಟಿ ನೋಡಿ, ಜೀವ ಹೋಗಿ ಬಹಳ ಹೊತ್ತಾಗಿದೆ ಎಂದರು. ಹಿಂದೆಯೇ ಇನ್ನೊಬ್ಬರು ಇಳಿದಿದ್ದರೆ ಎರಡು ಹೆಣ ತರುತ್ತಿದ್ದಿರಿ ಎಂದೂ ಅಂದರು. ಆ ಮಾತು ಊರಿಗೆ ಬರಲಿಲ್ಲ. ಊರಲ್ಲಿ ಉಳಿದದ್ದು ಒಂದೇ ಮಾತು, ತಮ್ಮ ಇಳಿಯುತ್ತಿದ್ದ, ಮುದುಕಿ ಬಿಡಲಿಲ್ಲ.

ನನಗೆ ಅಳು ಬರಲಿಲ್ಲ. ಗಂಡ ಉಳಿದನೆಂಬ ಸಂತೋಷವೂ ಬರಲಿಲ್ಲ. ಒಂದೇ ಒಲೆಯ ಮುಂದೆ ನಾನೂ ಅಕ್ಕನೂ ಕೂರುತ್ತಿದ್ದೆವು, ಅವಳ ಹಣೆ ಬರಿದು, ನನ್ನ ಹಣೆಯಲ್ಲಿ ಕುಂಕುಮ. ಒಂದು ದಿನ ಅಕ್ಕ ಹಿಟ್ಟು ನಾದುತ್ತ, ತಲೆ ಎತ್ತದೆ ಹೇಳಿದಳು.

"ನಿನ್ನ ಗಂಡನ್ನ ಹಿಡ್ಯಾಕ ಬಂದ್ಳು. ನನ್ನ ಗಂಡ ಇಳಿಯೋವಾಗ ಎಲ್ಲಿದ್ಳು?"

ಆಯಿಯ ಉಪಕಾರ ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ನಮ್ಮ ಮನೆಯಿಂದ ಅವಳಿಗೆ ಕೊಡ ಹೋಗುವುದು ನಿಂತಿತು. ಟ್ಯಾಂಕರಿನ ನೀರಿಗೆ ಅಕ್ಕನ ಜೊತೆ ಸಾಲು ನಿಂತಾಗ ಒಮ್ಮೆ ನಾನೇ ಸರಿದು ಅವಳ ಪಕ್ಕ ನಿಂತೆ. ಮುಂಗೈ ಮೇಲೆ ಹಲ್ಲಿನ ಗುರುತು ಕಪ್ಪಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ನೀರಿನ ಕಡೆ ನೋಡುತ್ತ, "ಮಾತಾಡಬ್ಯಾಡವಾ. ನಿನ್ನ ನೆಗೆಣ್ಣಿ ನೋಡ್ಲಿಕತ್ಯಾಳ. ನೀ ಆ ಮನ್ಯಾಗ ಬಾಳೇ ಮಾಡಬೇಕು" ಎಂದಳು. ನಾನು ಕೊಡ ಎತ್ತಿಕೊಂಡು ನನ್ನ ಜಾಗಕ್ಕೆ ಮರಳಿದೆ. ಅದೇ ನಮ್ಮ ಕಡೆಯ ಮಾತು.

ಕುರಿ ಮಾರಿ ನಾವು ಹೈದರಾಬಾದಿಗೆ ಹೋದೆವು. ಅಕ್ಕ ತನ್ನ ತವರಿಗೆ ಹೋದಳು. ಕೆಲವು ವರ್ಷ ಕಟ್ಟಡದ ಕೆಲಸ ಮಾಡಿ ಬೀದರಿಗೆ ಮರಳಿ ನೌಬಾದಿನಲ್ಲಿ ಮನೆ ಹಿಡಿದೆವು. ಆಯಿ ಸತ್ತ ಸುದ್ದಿ ನನಗೆ ಗೊತ್ತಾದದ್ದು ಬಹಳ ತಡವಾಗಿ, ಯಾರದೋ ಮದುವೆಯಲ್ಲಿ. ಮಣ್ಣಿಗೆ ಯಾರು ಹೋಗಿದ್ದರು ಎಂದು ಕೇಳಿದೆ. ಹೇಳುತ್ತಿದ್ದವರಿಗೆ ನೆನಪಿರಲಿಲ್ಲ. ಆಕೆಗೆ ಒಂದು ಮಾತು ಹೇಳಬೇಕಿತ್ತು. ಇನ್ನು ಅದನ್ನು ಕೇಳುವವರಿಲ್ಲ.

ಮೊನ್ನೆ ಸಂಜೆ ಊಟಕ್ಕೆ ಬಡಿಸುತ್ತ ಇವರ ಮುಂದೆ ಮೊದಲ ಸಲ ಆಯಿಯ ಹೆಸರೆತ್ತಿದೆ. ಇವರು ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಇಟ್ಟರು. ಆಮೇಲೆ, "ಆ ಮುದುಕಿ ಬಿಟ್ಟಿದ್ರ ನಮ್ಮಣ್ಣ ಉಳೀತಿದ್ದ" ಎಂದರು. ತಲೆಗೂದಲು ಪೂರ್ತಿ ಬೆಳ್ಳಗಾಗಿದೆ, ಈಗಲೂ ಅದೇ ಮಾತು. ನಾನು ಇನ್ನೊಂದು ರೊಟ್ಟಿ ಹಾಕಿದೆ. ಹಾಗೆಂದು ಹೇಳುವುದಕ್ಕೆ ಇವರು ಇದ್ದಾರಲ್ಲ.