ಮಲಗಿ ಎದ್ದ ಮೇಲೆ

ಮಕ್ಕಳನ್ನು ಬಿಟ್ಟು ಓಡಿಹೋಗುವ ದೊಡ್ಡವರನ್ನು ಗೇಟಿನಲ್ಲಿ ಹಿಡಿಯುವುದು ನನ್ನ ಬೆಳಗಿನ ಕೆಲಸ. ಶಿರಸಿಯ ಈ ಶಿಶುವಿಹಾರಕ್ಕೆ ನಾನು ಸಹಾಯಕ ಶಿಕ್ಷಕಿಯಾಗಿ ಸೇರಿದಾಗ ಇಲ್ಲಿನ ಪದ್ಧತಿಯೇ ಬೇರೆ ಇತ್ತು. ಅಪ್ಪನೋ ಅಮ್ಮನೋ ಮಗುವನ್ನು ಒಳಗೆ ಕರೆತಂದು, "ಅಲ್ನೋಡು, ಕಾಗೆ ಬಂತು" ಎಂದು ಕಿಟಕಿಯ ಕಡೆ ಬೆರಳು ತೋರಿಸಬೇಕು. ಮಗು ಕಾಗೆ ಹುಡುಕುವಷ್ಟರಲ್ಲಿ ಮಾಯವಾಗಬೇಕು. ಬ್ಯಾಂಕಿನಲ್ಲಿ ದೊಡ್ಡ ಕುರ್ಚಿಯ ಮೇಲೆ ಕೂರುವವರು ಚಪ್ಪಲಿ ಕೈಯಲ್ಲಿ ಹಿಡಿದು, ಬೆನ್ನು ಬಗ್ಗಿಸಿ ಓಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಿರುಗಿ ನೋಡಿದ ಮಗುವಿಗೆ ಅತ್ತ ಕಾಗೆಯೂ ಇಲ್ಲ, ಇತ್ತ ಅಮ್ಮನೂ ಇಲ್ಲ. ಆಮೇಲಿನ ಅಳು ಪೂರ್ತಿ ನಮ್ಮ ಪಾಲಿಗೆ.

ನನಗೆ ಮೊದಲಿಂದಲೂ ಸಿಟ್ಟು ಬೇಗ. ಬನವಾಸಿ ಕಡೆಯ ವ್ಯಾಪಾರದ ಮನೆಯಲ್ಲಿ, ಗಿರಾಕಿಗಳ ಗದ್ದಲದ ನಡುವೆ ಬೆಳೆದವಳು. ಮಾತು ಸ್ವಲ್ಪ ಒರಟು. ತರಬೇತಿ ಮುಗಿಸಿ ಚಿಕ್ಕ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಸೇರುತ್ತೇನೆ ಎಂದಾಗ ನಮ್ಮ ದೊಡ್ಡಪ್ಪ, "ಮಂದಿ ಮಕ್ಕಳ ಸುಂಬಳ ಒರಸಾಕ ಇಷ್ಟು ಓದಬೇಕಿತ್ತೇನವಾ?" ಎಂದು ಎಲ್ಲರ ಎದುರು ನಕ್ಕಿದ್ದರು. ಆ ನಗು ಬಹಳ ವರ್ಷ ನನ್ನನ್ನು ಚುಚ್ಚಿತು. ಈ ಕೆಲಸದಲ್ಲೇ ಮೇಲೆ ಬಂದು ತೋರಿಸಬೇಕು ಎಂಬ ಹಟ ಬಂದದ್ದು ಆಗಲೇ.

ಮುಖ್ಯ ಶಿಕ್ಷಕಿಯಾದ ಮೇಲೆ ನಾನು ತಂದ ಮೊದಲ ನಿಯಮವೆಂದರೆ, ಹೇಳಿ ಹೋಗಬೇಕು. ಮಗುವಿನ ಎದುರು ಕೂತು, ಮುಖ ನೋಡಿ, ಹೋಗುತ್ತಿದ್ದೇನೆ ಎನ್ನಬೇಕು. ಯಾವಾಗ ಬರುತ್ತೇನೆ ಎಂಬುದನ್ನೂ ಹೇಳಬೇಕು. ಮೂರು ವರ್ಷದ ಮಗುವಿಗೆ ಗಡಿಯಾರ ತಿಳಿಯದು, ಹಾಗಾಗಿ ಅದಕ್ಕೆ ತಿಳಿಯುವ ಹಾಗೆ ಹೇಳಬೇಕು: ಆಟ ಆದ ಮೇಲೆ, ಊಟ ಆದ ಮೇಲೆ, ಮಲಗಿ ಎದ್ದ ಮೇಲೆ. ಹೇಳಿದ ಹೊತ್ತಿಗೆ ಬರಲೇಬೇಕು. ಕಾಗೆ ತೋರಿಸುವವರನ್ನು ಗೇಟಿನಲ್ಲೇ ಅಡ್ಡಹಾಕಿ, "ಒಳಗ ಬರ್ರಿ, ಹೇಳಿ ಹೋಗ್ರಿ. ನಿಮ್ಮ ಮಗಾ ಐತಿ ಅದು, ಸಾಲ ಕೊಟ್ಟಾವ ಅಲ್ಲ" ಎನ್ನುತ್ತಿದ್ದೆ. ಕೆಲವರಿಗೆ ಅವಮಾನವಾಯಿತು. ಮೊದಲ ಕೆಲವು ದಿನ ಮಕ್ಕಳ ಅಳು ಪಕ್ಕದ ಬೀದಿಗೂ ಕೇಳಿಸಿತು. ಆಮೇಲೆ ನಿಧಾನವಾಗಿ ತಗ್ಗಿತು. ಅಮ್ಮ ಹೇಳಿದ ಹೊತ್ತಿಗೆ ಬರುತ್ತಾಳೆ ಎಂದು ಗೊತ್ತಾದ ಮಗು ನಿಶ್ಚಿಂತೆಯಿಂದ ಆಡುತ್ತದೆ, ಅಷ್ಟೇ ವಿಷಯ.

ಈ ಸಂಗತಿ ಬಾಯಿಂದ ಬಾಯಿಗೆ ಹೋಯಿತು. ಸಿದ್ದಾಪುರದಲ್ಲಿ ಶಿಶುವಿಹಾರ ನಡೆಸುವವರು ಕರೆದರು, ಯಲ್ಲಾಪುರದಲ್ಲಿ ಅಂಗನವಾಡಿ ಕಾರ್ಯಕರ್ತೆಯರ ತರಬೇತಿಗೆ ಕರೆದರು. ಮೈಕಿನ ಮುಂದೆ ನಿಂತು, ಮಗುವಿಗೆ ಸುಳ್ಳು ಹೇಳಬೇಡಿ ಎನ್ನುವುದು ನನಗೆ ರೂಢಿಯಾಯಿತು. ತಿಂಗಳಲ್ಲಿ ಹಲವು ದಿನ ಬಸ್ಸಿನಲ್ಲೇ ಕಳೆಯುತ್ತಿದ್ದೆ. ನನ್ನ ತರಗತಿಯನ್ನು ಕೋಲಸಿರ್ಸಿಯಿಂದ ಬಂದ ಒಬ್ಬ ಹೊಸ ಹುಡುಗಿಗೆ ವಹಿಸಿದೆ. ದೊಡ್ಡಪ್ಪ ಈಗ ನಗುತ್ತಿರಲಿಲ್ಲ. ನನಗದು ಖುಷಿ ಕೊಡುತ್ತಿತ್ತು ಎಂದು ಹೇಳಲು ನಾಚಿಕೆಯೇನಿಲ್ಲ.

ನನ್ನ ನಿಯಮವನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸುತ್ತಿದ್ದವಳು ಒಬ್ಬ ತಾಯಿ. ಪೇಟೆಯಲ್ಲಿ ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಗಂಡ ಸಹಕಾರಿ ಸಂಘದಲ್ಲಿ ಗುಮಾಸ್ತ. ನಾಲ್ಕು ವರ್ಷದ ಒಬ್ಬಳೇ ಮಗಳು. ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಮಗಳ ಎರಡೂ ಕೈ ಹಿಡಿದು, "ಆನು ಅಂಗ್ಡಿಗೆ ಹೋಗ್ತೆ ಕೂಸೆ. ನೀ ಉಂಡು, ಮಲಗಿ ಎದ್ದ ಮೇಲೆ ಬತ್ತೆ" ಎನ್ನುತ್ತಿದ್ದಳು. ಕೂಸು ತಲೆಯಾಡಿಸಿ ಒಳಗೆ ಓಡುತ್ತಿತ್ತು. ಬೇರೆ ತಾಯಂದಿರಿಗೆ ನಾನು ಇವಳನ್ನೇ ತೋರಿಸುತ್ತಿದ್ದೆ.

ಒಂದು ದಿನ ಹಾಗೇ ಹೇಳಿ ಹೋದವಳು ಮಧ್ಯಾಹ್ನ ಅಂಗಡಿಯಲ್ಲಿ ತಲೆನೋವು ಎಂದು ಕೂತಲ್ಲೇ ಕುಸಿದಳು. ಹುಬ್ಬಳ್ಳಿಗೆ ಸಾಗಿಸಿದರು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಉಳಿಯಲಿಲ್ಲ. ಆವತ್ತು ಮಗಳನ್ನು ಕರೆದೊಯ್ಯಲು ನೆರೆಮನೆಯವರು ಬಂದಿದ್ದರು.

ಕ್ರಿಯೆಗಳು ಮುಗಿಯುವತನಕ ಮಗುವನ್ನು ನಿಲ್ಕುಂದದ ನೆಂಟರ ಮನೆಯಲ್ಲಿ ಇಟ್ಟಿದ್ದರಂತೆ. ಮತ್ತೆ ಶಿಶುವಿಹಾರಕ್ಕೆ ಕರೆತಂದವರು ಅಜ್ಜಿ, ಅಂದರೆ ತೀರಿಕೊಂಡವಳ ತಾಯಿ. ಹುಲೇಕಲ್ಲಿನಿಂದ ಬಂದು ಅಳಿಯನ ಮನೆಯಲ್ಲೇ ನಿಂತಿದ್ದರು. ಮೊಮ್ಮಗಳನ್ನು ಒಳಗೆ ಕಳಿಸಿ, ನನ್ನನ್ನು ಬದಿಗೆ ಕರೆದು ತಗ್ಗಿದ ದನಿಯಲ್ಲಿ, "ಅಕ್ಕೋರೆ, ಕೂಸಿಗೆ ಎಂತೂ ಗೊತ್ತಿಲ್ಲೆ. ಆಯಿ ಹುಬ್ಬಳ್ಳಿ ಆಸ್ಪತ್ರೆಲಿ ಇದ್ದು, ಬತ್ತು ಹೇಳಿ ಹೇಳಿದ್ದಿ. ನಿಂಗನೂ ಹಾಂಗೇ ಹೇಳಿ" ಎಂದರು. ಅವರ ಮನೆಮಾತಿನಲ್ಲಿ ಆಯಿ ಎಂದರೆ ತಾಯಿ, ಬತ್ತು ಎಂದರೆ ಬರುತ್ತಾಳೆ. ನಾನು ಕೂಸಿನ ಚೀಲ ತೆಗೆದುಕೊಂಡು ಒಳಗೆ ನಡೆದೆ.

ಆ ವಾರವೇ ಅದು ಶುರುವಾಗಿತ್ತಂತೆ, ನಾನು ಕಂಡದ್ದು ಒಂದು ಬೆಳಿಗ್ಗೆ. ಮಕ್ಕಳೆಲ್ಲ ಮರದ ತುಂಡುಗಳಲ್ಲಿ ಮನೆ ಕಟ್ಟುತ್ತಿದ್ದರು. ಬೆಳಗಿನ ಆಟದ ಹೊತ್ತು, ಊಟಕ್ಕೆ ಇನ್ನೂ ಬಹಳ ಸಮಯವಿತ್ತು. ಈ ಹುಡುಗಿ ಎದ್ದು ಹೋಗಿ ಮೂಲೆಯಲ್ಲಿ ಸುತ್ತಿಟ್ಟ ತನ್ನ ಚಾಪೆ ಎಳೆದು ತಂದಳು. ಹಾಸಿಕೊಂಡಳು. ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದಳು. ನಿದ್ದೆ ಎಲ್ಲಿಂದ ಬರಬೇಕು, ರೆಪ್ಪೆ ಅದುರುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಎದ್ದು ಕೂತು, ಲಂಗ ಸರಿಮಾಡಿಕೊಂಡು, ಗೇಟಿಗೆ ಹೋಗಿ ಕಂಬಿ ಹಿಡಿದು ನಿಂತಳು. ರಸ್ತೆ ನೋಡಿದಳು. ತಿರುಗಿ ಬಂದು ಟೀಚರ ಎದುರು ನಿಂತು, "ಆನು ಮಲಗಿ ಎದ್ದಿ" ಎಂದಳು.

"ಬರ್ತಾರೆ ಪುಟ್ಟಿ, ನಾಳೆ ಬರ್ತಾರೆ" ಎಂದಳು ಹೊಸ ಟೀಚರು.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಮಾತು ಹೇಳಿಕೊಟ್ಟವಳು ನಾನು. ಮಲಗಿ ಎದ್ದ ಮೇಲೆ ಎಂದು ಮಗುವಿಗೆ ತಿಳಿಯುವ ಹಾಗೆ ಹೇಳಿ ಎಂದವಳು ನಾನು. ಮಗುವಿಗೆ ಚೆನ್ನಾಗಿಯೇ ತಿಳಿದಿತ್ತು.

ಮಕ್ಕಳು ಮನೆಗೆ ಹೋದ ಮೇಲೆ ಹೊಸ ಟೀಚರನ್ನು ಕರೆದು ರೇಗಿದೆ. ನಾಳೆ ಬರುತ್ತಾಳೆ ಅಂತ ಯಾಕೆ ಹೇಳಿದೆ, ನಮ್ಮ ಶಿಶುವಿಹಾರದ ನಿಯಮ ಏನು ಎಂದು ಕೂಗಾಡಿದೆ. ಅವಳು ಸುಮ್ಮನೆ ಕೇಳಿಸಿಕೊಳ್ಳುವ ಹುಡುಗಿ. ಆವತ್ತು ಮಾತ್ರ ಕೇಳಿಸಿಕೊಳ್ಳಲಿಲ್ಲ.

"ಮತ್ತೆ ನಾನೆಂತ ಹೇಳೂದು ಮೇಡಂ? ನೀವೇ ಹೇಳಿಕೊಡಿ. ನೀವು ಒಂದು ಸಲ ನೋಡಿದ್ದು. ಅದು ದಿನಾ ಎಷ್ಟು ಸಲ ಮಲಗಿ ಏಳ್ತದೆ, ನಿಮಗೆ ಗೊತ್ತುಂಟಾ? ನಾಡಿದ್ದು ನೀವು ಯಲ್ಲಾಪುರಕ್ಕೆ ಹೋಗ್ತೀರಿ. ಇಲ್ಲಿ ಅದರ ಮುಖ ನೋಡೂದು ನಾನು" ಎಂದವಳೇ ಅತ್ತುಬಿಟ್ಟಳು. ಸಹಾಯಕಿ ಆಗಿದ್ದಾಗ ನನ್ನ ಮೇಲಿನವರು ಹೀಗೆ ಬಾಗಿಲಲ್ಲಿ ನಿಂತು ಉಪದೇಶ ಮಾಡಿದರೆ ನನಗೂ ಮೈ ಉರಿಯುತ್ತಿತ್ತು.

ಆಡಳಿತ ಮಂಡಳಿಯ ಅಧ್ಯಕ್ಷರ ಬಳಿ ಹೋದೆ. ಒಳ್ಳೆಯ ಮನುಷ್ಯ, ತಂಟೆ ಎಂದರೆ ದೂರ. "ಮನೆಯವರು ಹೇಳಿದ ಹಾಗೆ ಮಾಡಿ ಮೇಡಂ. ಅದು ಅವರ ಮನೆ ವಿಷಯ. ಹೆಚ್ಚುಕಮ್ಮಿ ಆದ್ರೆ ನಮ್ಮ ತಲೆ ಮೇಲೆ ಬರ್ತದೆ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಮಗು ಅವರ ಮನೆಯದು. ಆದರೆ ಹಗಲೆಲ್ಲ ಅದು ಕಂಬಿ ಹಿಡಿದು ನಿಲ್ಲುವುದು ನನ್ನ ಗೇಟಿನಲ್ಲಿ.

ಮಾರನೆಯ ಸಂಜೆ ಅವರ ಮನೆಗೇ ಹೋದೆ. ಅಳಿಯ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಮಗು ಪಕ್ಕದ ಮನೆಯಲ್ಲಿ ಆಡುತ್ತಿತ್ತು. ಅಜ್ಜಿ ಬಾಯಾರಿಕೆಗೆ ಬೆಲ್ಲ ನೀರು ಕೊಟ್ಟು ಎದುರು ಕೂತರು. ಕೂಸು ದಿನಾ ಮಲಗಿ ಏಳುವುದನ್ನು ಹೇಳಿದೆ. ನಿಧಾನವಾಗಿ ನಿಜ ಹೇಳೋಣ, ನಾನೂ ಜೊತೆಗಿರುತ್ತೇನೆ, ತಿಳಿಯದೆ ಕಾಯುವುದು ಅದಕ್ಕೆ ಇನ್ನೂ ಕಷ್ಟ ಎಂದೆ. ತರಬೇತಿಯಲ್ಲಿ ಮಾತಾಡುವ ದನಿ ನನಗೆ ಅರಿವಿಲ್ಲದೆ ಬಂದಿತ್ತೇನೋ. ಅಜ್ಜಿಯ ಮುಖ ಗಟ್ಟಿಯಾಯಿತು.

"ನಿಂಗ್ಳ ರೂಲು ನಿಂಗ್ಳ ಶಾಲೆಲಿ ಇರ್ಲಿ ಅಕ್ಕೋರೆ. ಯನ್ನ ಮಗಳು ಅದು. ಬತ್ತು ಹೇಳಿ ಹೇಳ್ತೆ. ಹಾಂಗೆ ಹೇಳಿದ್ರೇ ಯಂಗೂ ಬೆಳಗಾಗ್ತು."

ಹಾಗೆ ಹೇಳಿಕೊಂಡರೆ ಮಾತ್ರ ಅವರಿಗೂ ಬೆಳಗಾಗುತ್ತಿತ್ತು. ಅಲ್ಲಿಯತನಕ ನನ್ನ ಕಣ್ಣಿಗೆ ಕಂಡದ್ದು ಮಗುವಿಗೆ ಸುಳ್ಳು ಹೇಳುವ ಹಟಮಾರಿ ಮುದುಕಿ. ಈಗ ಮಗಳನ್ನು ಕಳೆದುಕೊಂಡವರು ಕಂಡರು. ಲೋಟ ಕೆಳಗಿಟ್ಟು ಎದ್ದು ಬಂದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು.

ಯಲ್ಲಾಪುರದ ತರಬೇತಿ ತಪ್ಪಿಸುವಂತಿರಲಿಲ್ಲ. ಆಟ, ಹಾಡು, ಮಣ್ಣಿನ ಕೆಲಸ ಎಲ್ಲದರ ಬಗ್ಗೆ ಮಾತಾಡಿದೆ. ಹೇಳಿ ಹೋಗುವ ನಿಯಮದ ಹತ್ತಿರ ಬಂದಾಗ ಅದನ್ನು ಹಾರಿಸಿ ಮುಂದಕ್ಕೆ ಹೋದೆ. ಕೊನೆಯಲ್ಲಿ ಹಿರಿಯ ಕಾರ್ಯಕರ್ತೆಯೊಬ್ಬರು ಎದ್ದು, "ಮೇಡಂ, ಬಿಟ್ಟು ಹೋಗುವಾಗ ಮಕ್ಕಳಿಗೆ ಎಂತ ಹೇಳೂದು ಅಂತ ಹೇಳ್ತೀರಿ ಅಂದಿದ್ರು. ಹೇಳ್ಲೇ ಇಲ್ಲ" ಎಂದರು. ಹೊತ್ತಾಯಿತು, ಬಸ್ಸಿದೆ ಎಂದು ತಪ್ಪಿಸಿಕೊಂಡೆ. ಅವರು ಪಾಪ, ಚಪ್ಪಾಳೆ ತಟ್ಟಿ ಕಳಿಸಿದರು. ಆ ಚಪ್ಪಾಳೆ ಕೇಳುವುದೇ ಕಷ್ಟವಾಯಿತು.

ಬಸ್ಸಿನಿಂದಲೇ ಮಗುವಿನ ಅಪ್ಪನಿಗೆ ಫೋನ್ ಮಾಡಿದೆ. ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಬಂದ. ಕಚೇರಿಯ ಕೋಣೆಯಲ್ಲಿ ಮಕ್ಕಳ ಕುರ್ಚಿಯ ಮೇಲೆ ಮೊಣಕಾಲು ಮೇಲೆ ಮಾಡಿ ಕೂತ. ಹುಡುಗ ಎನ್ನಬೇಕು, ಅಷ್ಟು ಸಣ್ಣ ವಯಸ್ಸು. ಒಳಗಿನಿಂದ ಮಗಳು ಎದ್ದು ಗೇಟಿಗೆ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ನಾನು ಏನೂ ವಿವರಿಸಬೇಕಾಗಲಿಲ್ಲ.

"ಅತ್ತೆ ಎದುರು ಹೇಳುಲೆ ಆಗ್ತಿಲ್ಲೆ ಅಕ್ಕೋರೆ" ಎಂದ. "ಇಲ್ಲೇ ಹೇಳ್ತೆ. ನಿಂಗ ಸಂತಿಗೆ ಕೂತ್ಕಳಿ." ಜೊತೆಗೆ ಕೂರಲು ಒಪ್ಪಿದೆ.

ದೇವರ ಹತ್ತಿರ ಹೋದಳು, ನಕ್ಷತ್ರವಾದಳು ಎನ್ನಬೇಡಿ, ಅಲ್ಲಿಂದಲೂ ಬರುತ್ತಾಳೆ ಎಂದು ಕಾಯುತ್ತದೆ ಎಂದೆ. ಸತ್ತು ಹೋದಳು ಎಂದೇ ಹೇಳಬೇಕು ಎಂದೆ. ಮಧ್ಯಾಹ್ನ ಉಳಿದ ಮಕ್ಕಳು ಮಲಗಿದ್ದಾಗ ಅವಳನ್ನು ಕಚೇರಿಗೆ ಕರೆತಂದೆವು. ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಅವಳ ಜಡೆ ಸವರುತ್ತ ಕೂತ. ಕಡೆಗೆ ಹೇಳಿದ.

"ಆಯಿ ಸತ್ತು ಹೋತು ಕೂಸೆ. ಅದರ ಮೈ ನಿಂತು ಹೋತು. ಇನ್ನು ಬತ್ತಿಲ್ಲೆ. ನೀ ಎಷ್ಟು ಸಲ ಮಲಗಿ ಎದ್ರೂ ಬತ್ತಿಲ್ಲೆ."

ಅವಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಹಂಗಾರೆ ಆಯಿ ಹೇಳಿದ್ದು ಸುಳ್ಳಾ?" ಎಂದು ಕೇಳಿದಳು.

ಅವನು ನನ್ನ ಕಡೆ ನೋಡಿದ. "ಸುಳ್ಳಲ್ಲ ಪುಟ್ಟಿ. ಬರಬೇಕು ಅಂತಾನೇ ಹೇಳಿದ್ಲು. ಬರೋಕೆ ಆಗ್ಲಿಲ್ಲ" ಎಂದೆ. ಆಗ ಅತ್ತಳು. ಅಲ್ಲಿಯತನಕ ಒಂದು ದಿನವೂ ಅತ್ತಿರಲಿಲ್ಲ. ಅಪ್ಪನ ಅಂಗಿ ಹಿಡಿದು, ಉಸಿರು ಕಟ್ಟುವ ಹಾಗೆ ಅತ್ತಳು. ಅವನೂ ಅತ್ತ. ಬಾಗಿಲಾಚೆ ಹೊಸ ಟೀಚರು ಗೋಡೆಗೆ ಒರಗಿ ನಿಂತಿದ್ದಳು.

ಅಳು ತಗ್ಗಿದ ಮೇಲೆ ಬಿಕ್ಕುತ್ತಲೇ ಕೇಳಿದಳು, "ಅಜ್ಜಿಗೆ ಗೊತ್ತಿದ್ದಾ?"

ನಾವು ಉತ್ತರ ಹುಡುಕುವಷ್ಟರಲ್ಲಿ ಅವಳೇ ಹೇಳಿದಳು, "ಅಜ್ಜಿಗೆ ಹೇಳಡ ಅಪ್ಪಯ್ಯ. ಅಜ್ಜಿ ದಿನಾ ಆಯಿ ಬತ್ತು ಹೇಳ್ತು. ಗೊತ್ತಾದ್ರೆ ಅಳ್ತು."

ಅಜ್ಜಿಗೆ ಎಲ್ಲ ಗೊತ್ತಿದೆ ಎನ್ನಬೇಕಿತ್ತು. ಹಾಗೆ ಹೇಳಿದರೆ, ಅಜ್ಜಿ ಇಷ್ಟು ದಿನ ನಿನಗೆ ಸುಳ್ಳು ಹೇಳಿದರು ಎಂದೂ ಹೇಳಿದಂತಾಗುತ್ತಿತ್ತು. ಆ ಮನೆಯಲ್ಲಿ ಅವಳಿಗೆ ಉಳಿದಿರುವ ಹೆಂಗಸು ಅವರೊಬ್ಬರೇ. ಹೇಳುವುದಿಲ್ಲ ಎಂದು ಅಪ್ಪ ಹೂಂಗುಟ್ಟಿದ. ನಾನು ತಡೆಯಲಿಲ್ಲ. ರಾತ್ರಿ ಅತ್ತೆಯ ಹತ್ತಿರ ಮಾತಾಡುತ್ತೇನೆ ಎಂದು ನನಗೆ ಮೆಲ್ಲಗೆ ಹೇಳಿ, ಕೆಲಸಕ್ಕೆ ಹೊರಟುಹೋದ.

ಹೊತ್ತಾದ ಮೇಲೆ ಅಜ್ಜಿ ಬಂದರು. ಮೊಮ್ಮಗಳ ಮುಖ ನೋಡಿದವರೇ, "ಕಣ್ಣೆಂತಕ್ಕೆ ಕೆಂಪಾಜು?" ಎಂದರು.

"ಬಿದ್ದಿ" ಎಂದಳು ಹುಡುಗಿ.

ಅಜ್ಜಿ ನನ್ನ ಕಡೆ ತಿರುಗಿದರು. "ಹೌದಾ ಅಕ್ಕೋರೆ?"

ಹುಡುಗಿಯೂ ನನ್ನನ್ನೇ ನೋಡುತ್ತಿದ್ದಳು. "ಹೌದ್ರಿ. ಆಡುವಾಗ ಬಿದ್ಲು" ಎಂದೆ.

ಅಜ್ಜಿ ಬಗ್ಗಿ, ಗಾಯವಿಲ್ಲದ ಆ ಮೊಣಕಾಲನ್ನು ಸೆರಗಿನಿಂದ ಒರೆಸಿ, ಉಫ್ ಎಂದು ಊದಿದರು. "ಆಯಿ ಬಂದ ಮೇಲೆ ಹೇಳನ, ಹಾಂ?" ಎಂದರು.

"ಹೂಂ, ಹೇಳನ" ಎಂದು ಅವಳು ಅಜ್ಜಿಯ ಕೈ ಹಿಡಿದುಕೊಂಡಳು.