ಗುಡಿಸಿಹೋದ ಗುರುತು

ನಮ್ಮ ದೊಡ್ಡಮ್ಮ ಟೆನಿಸ್ ಆಡಿದವಳಲ್ಲ. ಆದರೂ ನಮ್ಮೂರಿನ ಪಂದ್ಯಾವಳಿಯ ಚರಿತ್ರೆ ಹೇಳಬೇಕೆಂದರೆ ಅವಳಿಂದಲೇ ಶುರು ಮಾಡಬೇಕು. ಬೇರೆಯವರು ಏನು ಬೇಕಾದರೂ ಬರೆದುಕೊಳ್ಳಲಿ. ಇಟ್ಟಿಗೆ ಗೂಡಿನ ಯಜಮಾನ ಟೆನಿಸ್ ಆಡಬೇಕೆಂಬ ಮಗಳ ಹಟಕ್ಕೆ ಸೋತು ಗೂಡಿನ ಹಿಂದಿನ ಜಾಗ ಸಮ ಮಾಡಿಸಿ, ಒಡೆದ ಇಟ್ಟಿಗೆಯ ಪುಡಿ ಹಾಸಿಸಿದಾಗ ಜರಡಿ ಹಿಡಿದವಳು ಅವಳು. ಮೊದಮೊದಲು ಊರವರೇ ಆಡುತ್ತಿದ್ದರು. ಆಮೇಲೆ ಆಟವನ್ನೇ ಕಸುಬಾಗಿಸಿಕೊಂಡವರು ಎಲ್ಲೆಲ್ಲಿಂದಲೋ ವರ್ಷಕ್ಕೊಮ್ಮೆ ಬರತೊಡಗಿದರು, ಸುತ್ತ ಜನ ಕೂರಲು ಮರದ ಮೆಟ್ಟಿಲುಗಳೆದ್ದವು. ದೊಡ್ಡಮ್ಮ ಪೊರಕೆ ಹಿಡಿದು ಅಲ್ಲೇ ಉಳಿದಳು.

ಪಂದ್ಯಾವಳಿ ನಡೆಯುವಾಗ ನಮ್ಮ ಮನೆಯೆಲ್ಲ ಕೆಂಪು. ದಿಂಬು, ಬಚ್ಚಲು, ಅವಳ ಹುಬ್ಬು ಕೂಡ. ಮಧ್ಯಾಹ್ನದ ಬಿಸಿಲಲ್ಲಿ ಧೂಳು ಕೆಳಗಿಳಿಯಲು ಮನಸ್ಸಿಲ್ಲದೆ ಕಿಟಕಿಯಲ್ಲೇ ನಿಂತಿರುತ್ತಿತ್ತು. ದೂರದ ಚೆಂಡಿನ ಟಪ್, ಟಪ್ ಕೇಳುತ್ತಾ ನಾನು ನಿದ್ದೆಗೂ ಎಚ್ಚರಕ್ಕೂ ನಡುವೆ ತೇಲುತ್ತಿದ್ದೆ. ಈಗಲೂ ಆ ಸದ್ದು ಕೇಳಿದರೆ ನನಗೆ ಆಕಳಿಕೆ ಬರುತ್ತದೆ.

ಇಟ್ಟಿಗೆ ಪುಡಿಯ ಮೇಲೆ ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಗೆರೆಯ ಒಳಗೋ ಹೊರಗೋ ಎಂಬ ಅನುಮಾನ ಬಂದರೆ ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದು ಆ ಗುರುತು ನೋಡುತ್ತಾನೆ. ಪಂದ್ಯ ಮುಗಿದೊಡನೆ ಗೆರೆ ಗುಡಿಸುವುದು ದೊಡ್ಡಮ್ಮನ ಕೆಲಸ. ಅವಳಿಗೋ, ಗಲೀಜು ಕಂಡರೆ ಕೈ ಸುಮ್ಮನಿರದು. ಅದೇ ಎಡವಟ್ಟಾಯಿತು.

ಒಂದು ವರ್ಷದ ಫೈನಲ್. ಪಕ್ಕದೂರಿನ ಆಟಗಾರನೊಬ್ಬನಿಗೆ ಗೆಲ್ಲಲು ಒಂದೇ ಪಾಯಿಂಟ್ ಬಾಕಿ. ಅವನ ಕಾಲಿನ ಉದ್ದ ನೋಡಿ ದೊಡ್ಡಮ್ಮ ಇಟ್ಟ ಹೆಸರು ಕೊಕ್ಕರೆ. ಅವನು ಹೊಡೆದ ಚೆಂಡು ಎದುರಿನ ಗೆರೆಯ ಹತ್ತಿರ ಬಿತ್ತು. ಅವನು ರಾಕೆಟ್ಟನ್ನು ಮೇಲಕ್ಕೆಸೆದು ಕುಣಿದ, ಜನ ಹೋ ಎಂದರು. ದೊಡ್ಡಮ್ಮ ಓಡಿದವಳೇ ಗೆರೆಯನ್ನು ಸರ್ರನೆ ಗುಡಿಸಿಬಿಟ್ಟಳು. ಎದುರಾಳಿ ಮಾತ್ರ ಔಟ್ ಔಟ್ ಎಂದು ಅರಚುತ್ತಿದ್ದ. ಅಂಪೈರ್ ಇಳಿದು ಬಂದು ನೋಡಿದರೆ ನೆಲ ತೊಳೆದಿಟ್ಟ ಹಾಗಿತ್ತು.

“ಚೆಂಡು ಎಲ್ಲಿ ಬಿತ್ತು ಅಂತ ನೋಡಿದ್ಯೇನಮ್ಮಾ?”

“ಗುಡಿಸೋಳು ನಾನು, ಗುಡಿಸ್ದೆ. ನಂಗೇನ್ ಗೊತ್ತು ಸ್ವಾಮೀ?”

ಆ ಪಾಯಿಂಟನ್ನು ಮತ್ತೆ ಆಡಿಸಿದರು. ಕೊಕ್ಕರೆ ಅದನ್ನೂ ಸೋತ, ಪಂದ್ಯವನ್ನೂ ಸೋತ. ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಅಂದಿನಿಂದ ಪೊರಕೆಯ ಜಾಗ ಅಂಪೈರ್ ಕುರ್ಚಿಯ ಕೆಳಗೆ. ಪಂದ್ಯ ಮುಗಿದ ಮೇಲೆ ಅವನೇ ಇಳಿದು ಅವಳ ಕೈಗೆ ಕೊಡಬೇಕು. ಹೊಸ ಜನ ಇದನ್ನು ಸನ್ಮಾನವೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು.

“ಸನ್ಮಾನ ಅಂತೆ, ಕರ್ಮ!” ಎಂದು ದೊಡ್ಡಮ್ಮ ಗೊಣಗುವಳು. ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಲೇ ಇರುವಳು. “ಯಾರೋ ಹೆತ್ತ ಮಗನ ಗೆಲುವು ಗುಡಿಸಿ ಹಾಕ್ದೆ ಕಣೇ. ಒಂದ್ಸಲ ಸಿಕ್ಕಿದ್ರೆ ತಪ್ಪಾಯ್ತು ಅಂತ ಕೈ ಮುಗೀತೀನಿ.”

ಮಂಡಿ ನೋವೆಂದು ಅವಳು ಕೆಲಸ ಬಿಡುವ ವರ್ಷ ಹಳೆಯ ಆಟಗಾರರನ್ನೆಲ್ಲ ಕರೆದಿದ್ದರು. ಫೈನಲ್ ಮುಗಿದು ಜನ ಕರಗಿದ ಮೇಲೆ, ಇಳಿಬಿಸಿಲಲ್ಲಿ ಉದ್ದನೆಯ ನೆರಳೊಂದು ಅಂಕಣಕ್ಕೆ ಬಂತು. ಅದರ ಹಿಂದೆ ಕೋಲೂರಿಕೊಂಡು ಕೊಕ್ಕರೆ. ದೊಡ್ಡಮ್ಮ ಪೊರಕೆ ಬಿಟ್ಟು ಕೈ ಮುಗಿದಳು. ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ.

ಅವನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. “ಬೇಡಮ್ಮಾ. ಅವತ್ತು ಚೆಂಡು ಹೊರಗೇ ಬಿದ್ದಿತ್ತು. ನಂಗೆ ಗೊತ್ತಿತ್ತು. ಅಂಪೈರ್ ಇಳಿದು ಬರದೇ ಇರ್ಲಿ ಅಂತಾನೇ ಹಾಗೆ ಕುಣಿದೆ. ನೀವು ಗುಡಿಸಿದಾಗ ಸದ್ಯ ಬದುಕಿದೆ ಅಂದ್ಕೊಂಡೆ. ಆಮೇಲೆ ತಪ್ಪೆಲ್ಲ ನಿಮ್ಮ ತಲೆಗೆ ಬಂತು, ನಿಮ್ಮ ಮುಖ ನೋಡೋಕೆ ಧೈರ್ಯ ಬರ್ಲಿಲ್ಲ.”

ಶುರುವಾಯಿತು ನೋಡಿ ದೊಡ್ಡಮ್ಮನ ಬೈಗುಳ. “ಅಯ್ಯೋ ನಿನ್ ಮನೆ ಕಾಯ್ವಾಗ! ಇಷ್ಟು ವರ್ಷ ನನ್ನ ನಿದ್ದೆ ತಿಂದ್ಯಲ್ಲೋ! ನಾಚಿಕೆ ಆಗಲ್ವಾ?” ಬೈಯುತ್ತಾ ಬೈಯುತ್ತಾ ಅಳು ಬಂತು, ಅಳುತ್ತಾ ನಗು. ಕೊನೆಗೆ ಪೊರಕೆಯನ್ನು ಅವನ ಕೈಗೆ ತುರುಕಿದಳು. “ಹಿಡಿ. ಗುಡಿಸು.”

ಅವನು ಕೋಲನ್ನು ನನ್ನ ಕೈಗಿಟ್ಟು, ಪೊರಕೆಯನ್ನೇ ಊರಿಕೊಂಡು ಗೆರೆಯುದ್ದಕ್ಕೂ ಗುಡಿಸತೊಡಗಿದ. ಕೆಂಪು ಧೂಳು ಮೆಲ್ಲಗೆ ಎದ್ದು ಅವರಿಬ್ಬರ ಮೇಲೂ ಕೂತಿತು. ಆಟಗಾರರ ಬೆಂಚಿನಲ್ಲಿ ಕುಳಿತ ದೊಡ್ಡಮ್ಮ, “ಮೂಲೆ ಬಿಟ್ಟೆ ನೋಡು,” ಎಂದು ಒಮ್ಮೆ ಗದರಿದಳು. ಮತ್ತೆ ದನಿಯಿಲ್ಲ. ತಿರುಗಿ ನೋಡಿದರೆ ತಲೆ ವಾಲಿಸಿ, ಮಗುವಿನ ಹಾಗೆ ನಿದ್ದೆ ಹೋಗಿದ್ದಾಳೆ.

ಗುಡಿಸಿ ಮುಗಿಸಿದ ಕೊಕ್ಕರೆ ಮೆತ್ತಗೆ ಕೇಳಿದ, “ಎಬ್ಬಿಸ್ಲಾ?”

“ಬೇಡ,” ಎಂದೆ. “ಇನ್ನೊಂದು ಸಲ ಗುಡಿಸಿ.”